ಮಾವನವರ ಹೆಸರು ಮಗುವಿಗೆ ಇಡುವುದಾ? ನಿಮ್ಮ ಮನೆಯ ಅನುಭವ ಹೇಳಿ

ನನಗೀಗ ಏಳು ತಿಂಗಳು. ತವರು ಮೈಸೂರು, ಗಂಡನ ಮನೆ ಚಿತ್ರದುರ್ಗದ ಕಡೆ, ಇರುವುದು ಬೆಂಗಳೂರಿನಲ್ಲಿ. ಹೋದ ವರ್ಷ ಮಾವ ತೀರಿಕೊಂಡರು. ಗಂಡು ಮಗುವಾದರೆ ಅವರ ಹೆಸರೇ ಇಡಬೇಕು ಅನ್ನೋದು ಅತ್ತೆಯ ಆಸೆ. ಅವರ ಹೆಸರು ತಿಪ್ಪೇಸ್ವಾಮಿ. ಮಾವ ಅಂದರೆ ನನಗೆ ಬಹಳ ಪ್ರೀತಿ. ಆದರೆ ಸ್ಕೂಲಿನಲ್ಲಿ ಮಿಕ್ಕ ಮಕ್ಕಳು ‘ತಿಪ್ಪೆ, ತಿಪ್ಪೆ’ ಅಂತ ರೇಗಿಸಿದರೆ ಅನ್ನೋ ಭಯ. ನನ್ನ ಗಂಡ ಈ ವಿಷಯದಲ್ಲಿ ಬಾಯೇ ಬಿಡುತ್ತಿಲ್ಲ. ಅತ್ತೆಯ ಮನಸ್ಸು ನೋಯದ ಹಾಗೆ ಏನು ಮಾಡಬಹುದು? ನಿಮ್ಮ ಮನೆಗಳಲ್ಲಿ ಹಿರಿಯರ ಹೆಸರಿನ ವಿಷಯ ಹೇಗೆ ಬಗೆಹರಿಯಿತು?

ಚಳ್ಳಕೆರೆಯಿಂದ

ತಂಗಿ, ನಾನು ಆ ಸೀಮೆಯವಳೇ. ಮೊದಲು ಆ ಹೆಸರಿನ ಬಗ್ಗೆ ಹೇಳಲೇಬೇಕು. ನಮ್ಮ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೇವಸ್ಥಾನ ಇದೆ. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮ ಅಂತ ಜನ ಇವತ್ತಿಗೂ ನೆನೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನೋದು ಅವರ ಮಾತು. ಫಾಲ್ಗುಣದಲ್ಲಿ ದೊಡ್ಡ ತೇರು, ಕೊಬ್ಬರಿ ಸುಡುವ ಹರಕೆ, ಕಾಲಿಡಲು ಜಾಗ ಇಲ್ಲದಷ್ಟು ಜನ. ಅದಕ್ಕೇ ನಮ್ಮ ಕಡೆ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ ಇಲ್ಲದ ಬೀದಿ ಇಲ್ಲ. ನನ್ನ ಕ್ಲಾಸಿನಲ್ಲೇ ನಾಲ್ವರು ತಿಪ್ಪೇಸ್ವಾಮಿಗಳಿದ್ದರು, ಮೇಷ್ಟ್ರು ಇನಿಷಿಯಲ್ ಸೇರಿಸಿ ಕರೆಯುತ್ತಿದ್ದರು. ಕೊಪ್ಪಳದ ಕಡೆ ಗವಿಸಿದ್ದಪ್ಪ, ಹುಲಿಗೆಮ್ಮ ಇರುವ ಹಾಗೆ, ಚಾಮರಾಜನಗರದ ಕಡೆ ಮಾದಪ್ಪ, ಮಾದೇಶ ಇರುವ ಹಾಗೆ. ಹೆಸರು ಕೇಳಿದರೆ ಸಾಕು, ಸೀಮೆ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇದೆ, ಅದು ನಮ್ಮ ಮನೆಯದೇ. ನಮ್ಮ ತಾತ ತಿಪ್ಪಣ್ಣ. ಅವರಿಗಿಂತ ಮುಂಚೆ ಹುಟ್ಟಿದ ನಾಲ್ಕು ಕೂಸುಗಳೂ ವರ್ಷ ತುಂಬುವ ಮೊದಲೇ ಹೋಗಿದ್ದವು. ಐದನೆಯದು ಹುಟ್ಟಿದಾಗ ಮುತ್ತಜ್ಜಿ ಕೂಸನ್ನು ಮನೆ ಹಿಂದಿನ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಟ್ಟುಹೋದ ಮಗು ಅನ್ನೋ ಹಾಗೆ ಎತ್ತಿಕೊಂಡು ಬಂದರಂತೆ. ‘ಇದು ಬೇಡದ ಕೂಸು, ಕಣ್ಣು ಹಾಕಬೇಡ’ ಅಂತ ಸಾವಿಗೆ ಹೇಳಿದ ಹಾಗೆ. ಗುಂಡಪ್ಪ, ಕಲ್ಲಪ್ಪ ಅಂತ ಇಡುತ್ತಿದ್ದುದೂ ಎಷ್ಟೋ ಮನೆಗಳಲ್ಲಿ ಇದೇ ಆಸೆಯಿಂದ, ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಅಂತ. ತಾತ ಎಂಬತ್ತೊಂದು ವರ್ಷ ಬದುಕಿದರು. ನನಗೆ ಆ ಹೆಸರು ಕೇಳಿದಾಗ ಗೊಬ್ಬರ ನೆನಪಾಗುವುದಿಲ್ಲ. ಹೆದರಿಕೊಂಡ ಒಬ್ಬ ತಾಯಿ ನೆನಪಾಗುತ್ತಾಳೆ.

ಆದರೂ ನಿನ್ನ ಭಯ ಸುಳ್ಳಲ್ಲ. ನಾನೂ ದಾವಣಗೆರೆ ಹಾಸ್ಟೆಲಿನಲ್ಲಿ ಆ ನಗು ಕೇಳಿದ್ದೇನೆ, ನನ್ನ ಹೆಸರಲ್ಲದಿದ್ದರೂ ಮೈ ಉರಿದಿತ್ತು. ನಮ್ಮ ಮಗ ಹುಟ್ಟಿದಾಗ ಅಪ್ಪನೇ ದಾರಿ ತೋರಿಸಿದರು. ತಿಪ್ಪೇರುದ್ರಸ್ವಾಮಿಯಲ್ಲಿ ರುದ್ರ ಇದ್ದಾನಲ್ಲ, ಅವನನ್ನೇ ಕರೆಯೋಣ ಅಂದರು. ಮಗನ ಹೆಸರು ರುದ್ರ. ದೇವರು ಅದೇ, ತಾತನ ನೆನಪೂ ಅದೇ. ನೀನು ಅತ್ತೆಯ ಹತ್ತಿರ ಹೋಗುವಾಗ ‘ಬೇಡ’ ಅಂತ ಶುರು ಮಾಡಬೇಡ. ‘ಮಾವನವರಿಗೆ ಈ ಹೆಸರು ಹೇಗೆ ಬಂತು’ ಅಂತ ಕೇಳು. ಕೇಳಿದ ಮೇಲೆ ನಿನ್ನ ಮನಸ್ಸೇ ಬದಲಾಗಬಹುದು, ಇಲ್ಲ ಅವರದೇ.

ತುಮಕೂರಿನಿಂದ

ಮೇಲಿನ ಅಕ್ಕ ಹೇಳಿದ್ದು ಸರಿ, ಕತೆ ಕೇಳಬೇಕು. ನಮ್ಮ ಮನೆಯಲ್ಲಿ ಕತೆ ಕೇಳಿದ ಮೇಲೆ ಹೆಸರೇ ಬೇಡವಾಯಿತು.

ನನ್ನನ್ನು ಸಾಕಿದ್ದು ಅಜ್ಜಿ. ಹೆಸರು ಸಾಕಮ್ಮ. ಮಗಳು ಹುಟ್ಟಿದಾಗ ಅಜ್ಜಿ ಹೆಸರನ್ನೇ ಸ್ವಲ್ಪ ತಿದ್ದಿ ‘ಸಾಕ್ಷಿ’ ಅಂತ ಇಡೋಣ ಅಂದುಕೊಂಡೆವು. ಅಜ್ಜಿಗೆ ಖುಷಿಯಾಗುತ್ತೆ ಅಂತ ಓಡಿಹೋಗಿ ಹೇಳಿದೆ. ಅಜ್ಜಿ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ‘ನಾನು ಐದನೇ ಹೆಣ್ಣು ಕಣಮ್ಮ. ಇನ್ನು ಹೆಣ್ಣು ಸಾಕು ಅಂತ ದೇವರಿಗೆ ಹೇಳೋಕೆ ಆ ಹೆಸರು ಇಟ್ರು. ಎಂಬತ್ನಾಲ್ಕು ವರ್ಷ ಹೊತ್ತಿದ್ದೀನಿ. ಈ ಕೂಸಿಗೆ ಯಾಕೆ ಹೊರಿಸ್ತೀಯ?’ ಅಂದರು.

ನನಗೆ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ಸಾಕಮ್ಮ ಅಂದರೆ ಎಲ್ಲರನ್ನೂ ಸಾಕುವವಳು ಅಂತಲೇ ನಾನು ಅಂದುಕೊಂಡಿದ್ದೆ. ಹಾಗೂ ಅರ್ಥ ಬರುತ್ತೆ, ಆದರೆ ಅಜ್ಜಿಗೆ ಗೊತ್ತಿದ್ದ ಅರ್ಥ ಬೇರೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ‘ನಿಂಗೆ ಯಾವ ಹೆಸರು ಇಷ್ಟ ಇತ್ತಜ್ಜಿ?’ ಅಂತ. ಯೋಚಿಸಲೇ ಇಲ್ಲ, ತಕ್ಷಣ ‘ಸರೋಜ’ ಅಂದರು. ಚಿಕ್ಕವಳಿದ್ದಾಗ ಕೆರೆ ಏರಿಯ ಮೇಲೆ ಮನೆಯಾಟ ಆಡುವಾಗ ತನಗೆ ತಾನೇ ಇಟ್ಟುಕೊಂಡ ಹೆಸರಂತೆ. ಯಾರಿಗೂ ಹೇಳಿರಲಿಲ್ಲ.

ನಾಮಕರಣದ ದಿನ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ತೂಗಿ, ಆಮೇಲೆ ಮಗುವನ್ನು ಮಲಗಿಸಿದರು. ಹರಿವಾಣದಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಹೆಸರು ಬರೆಯುವಾಗ ಅಜ್ಜಿಯನ್ನೇ ಕೂರಿಸಿದೆವು. ಅಜ್ಜಿಗೆ ಓದುಬರಹ ಬರುವುದಿಲ್ಲ. ಅಮ್ಮ ಕೈ ಹಿಡಿದು ಬರೆಸಿದರು. ಮೂರು ಅಕ್ಷರ. ಮಗಳನ್ನು ‘ಸರೋಜಾ’ ಅಂತ ಕೂಗಿದರೆ ಈಗಲೂ ಒಳಗಿನಿಂದ ಅಜ್ಜಿಯೂ ತಿರುಗಿ ನೋಡುತ್ತಾರೆ.

‘ಹಳೇ ಕಾಲದ ಹೆಸರು, ಯಾಕೆ ಇಟ್ಟಿರಿ’ ಅಂತ ಕೇಳುವವರು ಜಾಸ್ತಿ. ನಾನು ಕತೆ ಹೇಳುತ್ತೇನೆ. ಆಮೇಲೆ ಯಾರೂ ಕೇಳುವುದಿಲ್ಲ.

ಧಾರವಾಡದಿಂದ

ಒಂದು ಸಣ್ಣ ಮಾತು, ಆದರೆ ನಿಮಗೆ ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆ ಹೆಸರಿಡುವುದು ಸೋದರತ್ತೆ. ಕಿವಿಯಲ್ಲಿ ‘ಕುರ್‍ರ್’ ಅಂತ ಹೇಳಿ ಹೆಸರು ಉಸುರುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಹಾಗೆಯೇ ನಮ್ಮ ಮಗನಿಗೆ ನನ್ನ ಮಾವನವರ ಹೆಸರು ಇಟ್ಟರು, ಗುರುಪಾದಪ್ಪ. ಆದರೆ ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ, ಅದೂ ಬೈಯುವಾಗ! ನಾನು ‘ಅಪ್ಪಿ’ ಅಂದೆ, ಅತ್ತೆ ‘ಅಜ್ಜಾ’ ಅಂದರು, ನಮ್ಮ ಮನೆಯವರು ‘ಸಾಹೇಬ್ರ’ ಅಂದರು. ಆರು ವರ್ಷ ಹೀಗೇ ನಡೆಯಿತು. ಒಂದನೇ ಕ್ಲಾಸಿನಲ್ಲಿ ಟೀಚರ್ ಹಾಜರಿ ಕರೆದರೆ ಹುಡುಗ ಸುಮ್ಮನೆ ಕೂತಿದ್ದನಂತೆ. ಅದು ತನ್ನ ಹೆಸರು ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಅವತ್ತು ನನಗೆ ಬಹಳ ಕೆಡುಕೆನಿಸಿತು. ಹೆಸರು ಇಟ್ಟಿದ್ದು ಹಿರಿಯರು ಉಳಿಯಲಿ ಅಂತ. ನಾವು ಅದನ್ನು ಕಾಗದದಲ್ಲಿ ಮುಚ್ಚಿಟ್ಟಿದ್ದೆವು. ಹಾಗಾಗಿ ಯಾವ ಹೆಸರನ್ನಾದರೂ ಇಡಿ, ಮನೆಯಲ್ಲಿ ದಿನಾ ಕರೆಯುವುದಾದರೆ ಮಾತ್ರ ಇಡಿ.

ಮಂಗಳೂರಿನಿಂದ

ನಾವು ಕ್ಯಾಥೊಲಿಕರು. ನಮ್ಮಲ್ಲಿ ಈ ಚರ್ಚೆಯೇ ಇರಲಿಲ್ಲ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಹೆಣ್ಣುಮಕ್ಕಳಿಗೆ ಅಜ್ಜಿಯರದು. ನಮ್ಮ ಅಜ್ಜನಿಗೆ ನಾಲ್ಕು ಗಂಡುಮಕ್ಕಳು, ಹಾಗಾಗಿ ನಾಲ್ಕು ಮೊಮ್ಮಕ್ಕಳಿಗೂ ಅವರದೇ ಹೆಸರು. ದೊಡ್ಡ ಹಬ್ಬಕ್ಕೆ ಸೇರಿದಾಗ ಒಬ್ಬರನ್ನು ಕರೆದರೆ ನಾಲ್ವರು ಬರುತ್ತಾರೆ. ನಮಗೆ ಅದೇ ಸಂಭ್ರಮ. ಅಮ್ಮನ ಕಡೆಯ ಹಿರಿಯರಿಗೂ ಸರದಿ ಇರುವುದು ನನಗೆ ತುಂಬಾ ಇಷ್ಟ. ನಿಮ್ಮ ತವರಿನವರನ್ನೂ ಯಾರಾದರೂ ಕೇಳಿದರಾ?

ದುಬೈನಿಂದ

ಕಾಗದಪತ್ರದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಾನು ಅನುಭವಿಸಿದ್ದೇನೆ. ಹಾಸನದ ಕಡೆಯವನು, ಪಾಸ್‌ಪೋರ್ಟಿನಲ್ಲಿ ನನಗೆ ಒಂದೇ ಹೆಸರಿತ್ತು, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿದ್ದವರು ವಿಸಿಟ್ ವೀಸಾದಲ್ಲಿ ಬರುವ ಹಾಗಿಲ್ಲ ಅಂತ ನಿಯಮ ತಂದಿತು. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆಗುತ್ತದೆ ಅಂತ ಆಮೇಲೆ ಸಡಿಲಿಸಿದರು, ಅಷ್ಟರಲ್ಲಿ ನಮ್ಮಲ್ಲಿ ಎಷ್ಟೋ ಜನ ಟಿಕೆಟ್ ಕಳೆದುಕೊಂಡಿದ್ದರು. ಅದಕ್ಕೇ ಮಗನ ಹೆಸರಿನ ಕೊನೆಗೆ ಇನಿಷಿಯಲ್ ಬದಲು ನಮ್ಮ ತಂದೆಯ ಪೂರ್ತಿ ಹೆಸರು ಹಾಕಿಸಿದೆ. ಈಗ ಅಜ್ಜನ ಹೆಸರೇ ಅವನ ಸರ್‌ನೇಮ್.

ನೀವೂ ಹಾಗೆ ಮಾಡಬಹುದು. ಅವಸರ ಬೇಡ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರನ್ನು ಆಮೇಲೂ ಸೇರಿಸಬಹುದು. 12 ತಿಂಗಳೊಳಗಾದರೆ ಶುಲ್ಕ ಇಲ್ಲ, ಅದಾದ ಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಲು ಅವಕಾಶ ಇದೆ. ಆದರೆ ಸೇರಿಸುವಾಗ ಅಕ್ಷರ ಅಕ್ಷರ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಪಾಸ್‌ಪೋರ್ಟು ಎಲ್ಲಕ್ಕೂ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ನಕ್ಷತ್ರದ ಅಕ್ಷರ ಹೊಂದುವುದಿಲ್ಲ ಅಂತ ಯಾರಾದರೂ ಹೇಳಿದರೆ ಚಿಂತೆ ಬೇಡ. ನಕ್ಷತ್ರನಾಮ ಬೇರೆ, ವ್ಯವಹಾರದ ಹೆಸರು ಬೇರೆ, ನಾಮಕರಣದಲ್ಲೇ ಎರಡೂ ಇಡುತ್ತಾರೆ.

ಪ್ರಶ್ನೆ ಕೇಳಿದವಳು, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಅತ್ತೆಯ ಜೊತೆ ಕೂತು ಕೇಳಿದೆ. ನಾಯಕನಹಟ್ಟಿ ಹರಕೆಯ ಕತೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ.

‘ನಲವತ್ತಾರು ವರ್ಷ ಸಂಸಾರ ಮಾಡಿದೆ, ಅವರ ಹೆಸರು ನಾನು ಬಾಯಲ್ಲಿ ಆಡಿದವಳಲ್ಲ. ಆದ್ರೆ ದಿನಾ ಕೇಳ್ತಿದ್ದೆ. ಹಾಲಿನವನು, ಪಕ್ಕದ ಮನೆಯವರು, ಹೊಲದ ಕಡೆಯಿಂದ ಬಂದೋರು, ಯಾರಾದ್ರೂ ಬಾಗಿಲಲ್ಲಿ ನಿಂತು ತಿಪ್ಪೇಸ್ವಾಮೀ ಅಂತ ಕೂಗ್ತಿದ್ರು. ಈಗ ಒಂದು ವರ್ಷ ಆಯ್ತು, ಆ ಹೆಸರು ಯಾರೂ ಕೂಗಿಲ್ಲ’ ಅಂದರು.

ನನ್ನ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ಯಾಕೆ ಇಷ್ಟು ದಿನ ಬಾಯಿ ಬಿಡಲಿಲ್ಲ ಅಂತ ಆಗ ಅರ್ಥವಾಯಿತು.

ಗಂಡು ಮಗುವಾದರೆ ರುದ್ರ ತಿಪ್ಪೇಸ್ವಾಮಿ ಅಂತ ಪೂರ್ತಿಯಾಗಿ ಬರೆಸುತ್ತೇವೆ. ಸ್ಕೂಲಿಗೆ ರುದ್ರ. ಮನೆಯಲ್ಲಿ ತಿಪ್ಪೇಶ ಅಂತ ನಾನೇ ಜೋರಾಗಿ ಕೂಗುತ್ತೇನೆ, ಅತ್ತೆಗೆ ಕೇಳಿಸುವ ಹಾಗೆ. ‘ಸೊಸೆ ಮಾವನ ಹೆಸರು ಕೂಗಬಹುದಾ?’ ಅಂತ ಕೇಳಿದ್ದಕ್ಕೆ ‘ಕೂಗು, ನಾನು ಹೇಳ್ತಿದ್ದೀನಲ್ಲ’ ಅಂದರು.

ಹೆಣ್ಣಾದರೆ ಅಂತಲೂ ಕೇಳಿದೆ. ಅದನ್ನು ಯೋಚಿಸಿಯೇ ಇರಲಿಲ್ಲವಂತೆ. ಅತ್ತೆಯ ಹೆಸರು ಗೌರಮ್ಮ. ಆ ಹೆಸರು ಯಾರು ಇಟ್ಟರು, ಅವರಿಗೆ ಇಷ್ಟವಾ ಅಂತ ನಾಳೆ ಕೇಳುತ್ತೇನೆ. ಆಮೇಲೆ ಮೈಸೂರಿಗೆ ಫೋನ್ ಮಾಡಿ ನಮ್ಮಮ್ಮನನ್ನೂ ಕೇಳಬೇಕು.