ಥರ್ಮೋಪಿಲೆ ಹಾಯಿಹಡಗನ್ನು ಪೋರ್ಚುಗೀಸರೇ ಮುಳುಗಿಸಿದ್ದೇಕೆ?

ಮಾಂಡೋವಿ ದಂಡೆ:
ಗೋವಾದ ವಾಸ್ಕೋ ಊರಿನ ನಮ್ಮ ಕನ್ನಡ ಮಕ್ಕಳಿಗೆ ಹಾಯಿಹಡಗುಗಳ ಬಗ್ಗೆ ಹೇಳಬೇಕಿದೆ. ‘ಥರ್ಮೋಪಿಲೆ’ ಚೀನಾದ ಚಹಾ ತರುತ್ತಿದ್ದ ಬ್ರಿಟಿಷ್ ಹಡಗಲ್ಲವೇ, ಪೋರ್ಚುಗೀಸರ ಕೈಗೆ ಹೇಗೆ ಹೋಯಿತು? ಒಡಲು ಮರದ್ದೋ ಕಬ್ಬಿಣದ್ದೋ? 1872ರಲ್ಲಿ ಅದು ‘ಕಟ್ಟಿ ಸಾರ್ಕ್’ ಹಡಗನ್ನು ಸೋಲಿಸಿದ್ದು ನಿಜವೇ?

ಹಳೆ ಚುಕ್ಕಾಣಿ:
ಒಡಲು ಎರಡರದ್ದೂ. ಪಕ್ಕೆಲುಬು ಕಬ್ಬಿಣ, ಹೊರಮೈ ಮರದ ಹಲಗೆ. 1868ರಲ್ಲಿ ಅಬರ್ಡೀನ್‌ನಲ್ಲಿ ವಾಲ್ಟರ್ ಹುಡ್ ಕಂಪನಿ ಕಟ್ಟಿದ್ದು. ಉದ್ದ 212 ಅಡಿ, ಅಗಲ 36 ಅಡಿ. ಬೆಚ್ಚಗಿನ ಸಮುದ್ರದಲ್ಲಿ ತಳಕ್ಕೆ ಚಿಪ್ಪುಜೀವಿ, ಪಾಚಿ ಹತ್ತಿ ಓಟ ಕುಂಠಿತವಾಗುತ್ತದೆ. ತಾಮ್ರ ಬೆರೆತ ತಗಡು ಹೊಡೆದರೆ ಅವು ನಿಲ್ಲುವುದಿಲ್ಲ. ಆದರೆ ಆ ತಗಡು ಕಬ್ಬಿಣಕ್ಕೆ ತಾಗಿದರೆ ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣವೇ ಸವೆಯುತ್ತದೆ. ನಡುವಿನ ಹಲಗೆ ಅದನ್ನು ತಡೆಯುತ್ತದೆ. ಪೂರ್ತಿ ಮರದ್ದಾದರೆ ದಪ್ಪ ತೊಲೆಗಳೇ ಸರಕಿನ ಜಾಗ ತಿನ್ನುತ್ತವೆ. ಈ ಜೋಡಣೆಯ ಜಾಣತನವನ್ನು ಮಕ್ಕಳಿಗೆ ಚಿತ್ರ ಬರೆದೇ ತೋರಿಸಿ. ಮೊದಲ ಯಾನದಲ್ಲೇ ಲಂಡನ್ನಿನಿಂದ ಮೆಲ್ಬರ್ನ್‌ಗೆ 63 ದಿನ!

ಗಾಳಿ ಲೆಕ್ಕ:
ಗೆದ್ದದ್ದು ನಿಜ, ಆದರೆ ಪೂರ್ತಿ ಹೇಳಿ. ಜೂನ್‌ನಲ್ಲಿ ಎರಡೂ ಶಾಂಘೈ ಬಿಟ್ಟವು. ಆಗಸ್ಟ್‌ನಲ್ಲಿ, ಸುಮಾರು 400 ಮೈಲಿ ಮುಂದಿದ್ದ ಕಟ್ಟಿ ಸಾರ್ಕ್‌ನ ಚುಕ್ಕಾಣಿ ಬಿರುಗಾಳಿಗೆ ಕಿತ್ತುಹೋಯಿತು. ಹಡಗಿನ ಮೇಲೆಯೇ ಹೊಸದೊಂದು ಮಾಡಿ ಕಟ್ಟಿಕೊಂಡು ಬಂದರೂ ಲಂಡನ್ ಮುಟ್ಟಿದ್ದು ಬರೀ ಒಂದು ವಾರ ತಡವಾಗಿ. ಥರ್ಮೋಪಿಲೆಯ ಹೆಚ್ಚುಗಾರಿಕೆ ತೆಳುಗಾಳಿಯಲ್ಲಿ.

ಕಾಳಿ ಅಳಿವೆ:
ಕೈ ಬದಲಾದದ್ದಕ್ಕೆ ಬೇರು ಸೂಯೆಜ್ ಕಾಲುವೆ. 1869ರಲ್ಲಿ ತೆರೆದ ಮೇಲೆ ಆವಿಹಡಗುಗಳಿಗೆ ಆಫ್ರಿಕಾ ಸುತ್ತುವುದು ತಪ್ಪಿತು. ಹಾಯಿಹಡಗಿಗೆ ಆ ದಾರಿ ಒಗ್ಗದು: ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಗಾಳಿ ಎದುರಿಗೇ ಬೀಸುತ್ತದೆ, ಕಾಲುವೆಯಲ್ಲಿ ದುಡ್ಡು ಕೊಟ್ಟು ಎಳೆಸಿಕೊಳ್ಳಬೇಕು. ಚಹಾ ಕೈತಪ್ಪಿತು. ಆಮೇಲೆ ಆಸ್ಟ್ರೇಲಿಯಾದ ಉಣ್ಣೆ. 1890ರಲ್ಲಿ ಕೆನಡಾಕ್ಕೆ ಮಾರಾಟವಾಗಿ ಅಕ್ಕಿ, ಮರಮುಟ್ಟು. ಅಲ್ಲಿ ಹಿಂದಿನ ಕೂವೆಮರದ ಅಡ್ಡಹಾಯಿಗಳನ್ನು ತೆಗೆದರು. ಆಳು ಕಡಿಮೆ ಸಾಕು, ಓಟವೂ ಕಡಿಮೆ. ಅಂಥ ಹಡಗಿಗೆ ಹಾಗೆ ಮಾಡಿದ್ದು ನೋವಿನ ಸಂಗತಿ.

1890ರ ದಶಕದ ನಡುವೆ ಪೋರ್ಚುಗೀಸ್ ನೌಕಾಪಡೆ ತರಬೇತಿಗೆಂದು ಕೊಂಡು ‘ಪೆದ್ರೋ ನೂನೆಸ್’ ಎಂದು ಹೆಸರಿಟ್ಟಿತು. ಅದು 16ನೇ ಶತಮಾನದ ಗಣಿತಜ್ಞನ ಹೆಸರು; ಗೋವಾಕ್ಕೆ ಬರುತ್ತಿದ್ದ ಹಡಗುಗಳ ಕಾಲದಲ್ಲಿ ನೌಕಾಯಾನದ ಗಣಿತ ಬರೆದವನು. ಹಡಗು ಕೆಲಸಕ್ಕೆ ಬಾರದಂತಾದಾಗ ಗುಜರಿಗೆ ಹಾಕಲಿಲ್ಲ. 1907ರ ಅಕ್ಟೋಬರ್ 13ರಂದು ಪೋರ್ಚುಗಲ್ ಕರಾವಳಿಯ ಕಶ್ಕಾಯಿಷ್ ಊರಿನ ಎದುರಿನ ಕಡಲಿಗೆ ಒಯ್ದು, ರಾಣಿ ಅಮೇಲಿಯಾ ಸಮ್ಮುಖದಲ್ಲಿ, ನೌಕಾ ಗೌರವ ಸಲ್ಲಿಸಿ ಟಾರ್ಪಿಡೋ ಹೊಡೆದು ಮುಳುಗಿಸಿದರು. ಅವಶೇಷ ಸುಮಾರು 30 ಮೀಟರ್ ಆಳದಲ್ಲಿದೆ.