‘ಗೆಟ್’ ಬಗ್ಗೆ ಮೇಷ್ಟ್ರನ್ನು ಕೇಳಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಗ್ರೂಪಿನಲ್ಲಿ ಒಂದೇ ಇಂಗ್ಲಿಷ್ ಕ್ರಿಯಾಪದ, ‘ಗೆಟ್’. ಉತ್ತರಿಸುವವರು ಮುಂಬೈಯ ಫೋರ್ಟಿನ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಇಂಗ್ಲಿಷ್ ಕಲಿಸಿದ ನಮ್ಮ ಮೇಷ್ಟ್ರು. ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ.

ವಾಶಿ: ಸರ್, ದಾದರ್‌ನಲ್ಲಿ ಇಳಿಯೋದಕ್ಕೆ ‘ಗೆಟ್ ಡೌನ್’ ಅನ್ನಬೇಕಾ, ‘ಗೆಟ್ ಆಫ್’ ಅನ್ನಬೇಕಾ?

ಮೇಷ್ಟ್ರು: ರೈಲು, ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’. ‘ಗೆಟ್ ಡೌನ್’ ನಮ್ಮ ದೇಶದ ಬಳಕೆ, ಇಲ್ಲಿ ನಡೆಯುತ್ತೆ. ಲಂಡನ್ನಿನಲ್ಲಿ ಅಂದ್ರೆ ಮರದಿಂದ ಇಳೀತಿದ್ದೀರಿ ಅಂದ್ಕೋತಾರೆ.

ಡೊಂಬಿವಲಿ: ನಮಸ್ಕಾರ ಸರ್. ಮೊನ್ನೆ ಮಳೆಗೆ ಗುಲ್‌ಮೊಹರ್ ಕೊಂಬೆ ಮುರಿದು ನಮ್ಮ ಸ್ಕೂಟರ್ ಮೇಲೆ ಬಿತ್ತು. ವಿಮೆಯವರಿಗೆ ಬರೆದೆ: ‘ಐ ಗಾಟ್ ಮೈ ಸ್ಕೂಟರ್ ಡ್ಯಾಮೇಜ್ಡ್. ಐ ಗಾಟ್ ಇಟ್ ರಿಪೇರ್ಡ್ ಫಾರ್ 8,400.’ ಅಲ್ಲಿಂದ ಒಬ್ಬ ಫೋನ್ ಮಾಡಿ, ‘ಯಾರ ಕೈಲಿ ಡ್ಯಾಮೇಜ್ ಮಾಡಿಸಿದ್ರಿ?’ ಅಂತ ನಕ್ಕ. ತಪ್ಪೇನು?

ಮೇಷ್ಟ್ರು: ಮೊದಲು ಇದು ಹೇಳಿ ತಾಯಿ, ರಿಪೇರಿ ಆಗಿದೆಯಾ?

ಡೊಂಬಿವಲಿ: ಇಲ್ಲ ಸರ್. ಅಷ್ಟಾಗುತ್ತೆ ಅಂತ ಗ್ಯಾರೇಜಿನವ ಹೇಳಿದ. ಗಾಡಿ ಹಾಗೇ ನಿಂತಿದೆ.

ಮೇಷ್ಟ್ರು: ನನಗೆ ದಿಗಿಲಾಗಿದ್ದು ಆ ಎರಡನೇ ವಾಕ್ಯಕ್ಕೇ. ನಮ್ಮಲ್ಲಿ ‘ಮಾಡು’ಗೆ ‘ಇಸು’ ಹಚ್ಚಿದರೆ ‘ಮಾಡಿಸು’. ಇಂಗ್ಲಿಷಿಗೆ ಅಂಥ ಬಾಲ ಇಲ್ಲ, ಆ ಕೆಲಸವನ್ನ ‘ಗೆಟ್’, ‘ಹ್ಯಾವ್’ ಮಾಡ್ತವೆ. ‘ಗಾಟ್ ಇಟ್ ರಿಪೇರ್ಡ್’ ಅಂದ್ರೆ ರಿಪೇರಿ ಮಾಡಿಸಿದೆ, ಕೆಲಸ ಮುಗೀತು. ಸರ್ವೇಯರ್ ಗಾಡಿ ನೋಡೋ ಮುಂಚೆ ಮಾಡಿಸಿಬಿಟ್ಟಿದ್ದಾರೆ ಅಂತ ಅವರು ತಿಳಿದರೆ ಕ್ಲೇಮಿಗೇ ತೊಡಕು.

ಮೊದಲನೇ ವಾಕ್ಯ ಪೂರಾ ತಪ್ಪಲ್ಲ, ಅದೇ ಮಜಾ. ‘ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದ ಡೋರ್’ ಅಂದ್ರೆ ಬೆರಳು ಬಾಗಿಲಿಗೆ ಸಿಕ್ಕಿಕೊಂಡಿತು; ಯಾರೂ ಬೇಕಂತ ಸಿಕ್ಕಿಸಿಕೊಳ್ಳಲ್ಲ. ‘ಐ ಗಾಟ್ ಮೈ ಹೇರ್ ಕಟ್’ ಅಂದ್ರೆ ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದು. ವಾಕ್ಯದ ಅಚ್ಚು ಒಂದೇ. ತಾನಾಗಿ ಆಯಿತೋ, ನೀವು ಮಾಡಿಸಿದಿರೋ ಅನ್ನೋದನ್ನ ಕೇಳುವವನೇ ಊಹಿಸಬೇಕು. ವಿಮೆ ಕಾಗದದಲ್ಲಿ ಊಹೆಗೆ ಜಾಗ ಬಿಡಬಾರದು. ‘ಐ’ ತೆಗೀರಿ, ಸ್ಕೂಟರನ್ನೇ ಮುಂದೆ ನಿಲ್ಲಿಸಿ: ‘ಮೈ ಸ್ಕೂಟರ್ ವಾಸ್ ಡ್ಯಾಮೇಜ್ಡ್ ವೆನ್ ಎ ಬ್ರಾಂಚ್ ಫೆಲ್ ಆನ್ ಇಟ್.’ ಆಮೇಲೆ: ‘ಇಟ್ ಹ್ಯಾಸ್ ನಾಟ್ ಬೀನ್ ರಿಪೇರ್ಡ್ ಯೆಟ್. ದ ಗ್ಯಾರೇಜ್ ಎಸ್ಟಿಮೇಟ್ ಈಸ್ 8,400 ರುಪೀಸ್.’ ಬರೆದು ಇಲ್ಲೇ ಹಾಕಿ, ನೋಡ್ತೇನೆ.

ಮಾಟುಂಗಾ: ನಾವು ಕನ್ನಡದಲ್ಲೂ ‘ಕೂದಲು ಕಟ್ ಮಾಡಿದೆ’ ಅಂತಲೇ ಹೇಳುವುದು. ನಾವೇ ಕತ್ತರಿ ಹಿಡಿಯುತ್ತೇವೆಯೇ?

ಪಿಂಪ್ರಿ: ನಮ್ಮ ಕಡೆ ‘ಕಟಿಂಗ್ ಮಾಡಿಸ್ಕೊಂಡೆ’ ಅಂತೀವ್ರಿ. ಮರಾಠಿಯವರೂ ‘ಕರೂನ್ ಘೇತಲಂ’ ಅಂತಾರ. ಮುಂಬೈಯಾಗ ಇದ್ದು ನೀವು ‘ಇಸು’ ಮರ್ತೀರಿ.

ಮಾಟುಂಗಾ: ಮುಂಬೈಯಲ್ಲಿ ಕಟಿಂಗ್ ಅಂದರೆ ಅರ್ಧ ಗ್ಲಾಸು ಚಾ. ನಮಗೆ ಕನ್ನಡ ಕಲಿಸುವುದು ಬೇಡ.

ಪಿಂಪ್ರಿ: ಕೇಳಿದ್ದಕ್ಕ ಹೇಳಿದೆ.

ಮಾಟುಂಗಾ: ನಿಮ್ಮನ್ನು ಯಾರು ಕೇಳಿದರು?

ಪಿಂಪ್ರಿ: ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ಯಾರ್ರೀ ಮತ್ತ?

ಅಂಧೇರಿ (ಫಾರ್ವರ್ಡ್): ‘ಗೆಟ್’ ಒರಟು ಪದ! ‘ರಿಸೀವ್’, ‘ಆಬ್ಟೇನ್’ ಬಳಸಿ, 7 ದಿನದಲ್ಲಿ ಇಂಗ್ಲಿಷ್ ನಿರರ್ಗಳ! ‘ಗಾಟ್’ ಬದಲು ‘ಗಾಟನ್’ ಅನ್ನೋದು ಅಮೆರಿಕದವರು ಹುಟ್ಟಿಸಿದ ತಪ್ಪು! 10 ಜನರಿಗೆ ಕಳಿಸಿ.

ಮೇಷ್ಟ್ರು: ಒಬ್ಬರಿಗೂ ಕಳಿಸಬೇಡಿ. ಕಾಯಿಲೆಯವರಿಗೆ ‘ಆಬ್ಟೇನ್ ವೆಲ್ ಸೂನ್’ ಅಂತ ಕಾರ್ಡು ಬರೀತೀರಾ? ‘ಗೆಟ್’ ವೈಕಿಂಗರ ನಾರ್ಸ್ ಭಾಷೆಯಿಂದ ಬಂದ ಹಳೇ ಪದ, ಒರಟೂ ಅಲ್ಲ ಗಿರಟೂ ಅಲ್ಲ. ‘ಗಾಟನ್’ 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಆದಿಕಾಂಡದಲ್ಲೇ ಇದೆ. ಬ್ರಿಟನ್ನಿನವರು ಬಹುಪಾಲು ಬಿಟ್ಟರು, ಅಮೆರಿಕದವರು ಉಳಿಸಿಕೊಂಡರು. ಇಂಥದ್ದೊಂದು ಫಾರ್ವರ್ಡ್ ನಂಬಿ ನಮ್ಮ ಹುಡುಗನೊಬ್ಬ ಇಂಟರ್‌ವ್ಯೂನಲ್ಲಿ ‘ಐ ಆಬ್ಟೇನ್ಡ್ ಮ್ಯಾರೀಡ್’ ಅಂದು ಬಂದ.

ಅಂಧೇರಿ: ಒಳ್ಳೇದಾಗ್ಲಿ ಅಂತ ಹಾಕಿದ್ದು ಸರ್.

ಮೇಷ್ಟ್ರು: ಹೋದ ತಿಂಗಳೂ ಹಾಗೇ ಹಾಕಿದ್ರಿ.

ಠಾಣೆ: ‘ಐ ಆಮ್ ನಾಟ್ ಗೆಟ್ಟಿಂಗ್ ಯೂ’ ಸರೀನಾ?

ಮೇಷ್ಟ್ರು: ‘ಐ ಡೋಂಟ್ ಗೆಟ್ ಯೂ.’

ಮಡಗಾಂವ್: ಮಗಳು ‘ಐ ಹ್ಯಾವ್ ಗಾಟ್’ ಅಂತ ಬರೆದರೆ ಟೀಚರ್ ಕೆಂಪು ಗೀಟು ಎಳೀತಾರೆ. ಯಾಕೆ ಸರ್?

ಕಲ್ಯಾಣ್: ಲೋಕಲ್‌ನಿಂದ ‘ಗೆಟ್ ಡೌನ್’ ಸರಿಯೋ ‘ಗೆಟ್ ಆಫ್’ ಸರಿಯೋ?

ಮೇಷ್ಟ್ರು: ಮೇಲೆ ಓದಿ.

ಕಲ್ಯಾಣ್: ಮೇಲೆ ಬರೀ ಕೂದಲಿನ ಜಗಳ ಕಾಣ್ತಿದೆ.

ಮಾಟುಂಗಾ: ಜಗಳ ಶುರು ಮಾಡಿದ್ದು ನಾನಲ್ಲ.

ಪಿಂಪ್ರಿ: ಹೌದ್ ಹೌದ್, ಯಾರೋ ಮಾಡಿಸಿದ್ರು.

ಮಡಗಾಂವ್: ಸರ್, ನನ್ನ ಪ್ರಶ್ನೆ?

ಡೊಂಬಿವಲಿ: ಸರ್, ನೀವು ಹೇಳಿದ ಹಾಗೇ ಬರೆದೆ. ಕೊನೆಗೆ ‘ಪ್ಲೀಸ್ ಇನ್‌ಸ್ಪೆಕ್ಟ್ ದ ಡ್ಯಾಮೇಜಸ್’ ಅಂತ ಸೇರಿಸಿದ್ದೇನೆ.

ಮೇಷ್ಟ್ರು: ‘ಡ್ಯಾಮೇಜ್’ ಸಾಕು. ‘ಡ್ಯಾಮೇಜಸ್’ ಅಂದ್ರೆ ಕೋರ್ಟು ಕೊಡಿಸೋ ಪರಿಹಾರದ ಹಣ, ಅದನ್ನ ಅವರು ಬಂದು ನೋಡೋಕಾಗಲ್ಲ. ಪಾಲಿಸಿ ನಂಬರ್ ಮೇಲ್ಗಡೆ ಬರೀರಿ. ಕೊಂಬೆ ಬಿದ್ದಾಗಿನ ಫೋಟೋ ಇದ್ರೆ ಸೇರಿಸಿ, ಇವತ್ತೇ ಕಳಿಸಿ.