ಗ್ಯಾಲಪಗೋಸ್‌ಗೆ ಹೊರಟವರಿಗೆ: ಯಾವ ಪ್ರಾಣಿ ಯಾವ ದ್ವೀಪದಲ್ಲಿ?

ಸಾಗರದಿಂದ ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ನಮ್ಮಿಬ್ಬರನ್ನೂ ಗ್ಯಾಲಪಗೋಸ್‌ಗೆ ಕರೆದುಕೊಂಡು ಹೋಗುತ್ತೇನೆ ಅಂತಿದ್ದಾಳೆ. ಅದು ಪೆಸಿಫಿಕ್ ಸಾಗರದಲ್ಲಿರುವ ಈಕ್ವೆಡಾರ್ ದೇಶದ ದ್ವೀಪಗಳ ಗುಂಪಂತೆ. ಒಂದು ವಾರ ಹಡಗಿನಲ್ಲೇ ವಾಸ. ನಮ್ಮ ಮನೆಯವರಿಗೆ ಹಕ್ಕಿ ಹುಚ್ಚು. ಗುಡವಿ, ಮಂಡಗದ್ದೆ ಅಂದರೆ ಊಟ ಬಿಟ್ಟು ಹೊರಡುತ್ತಾರೆ. ಯಾವ ತಿಂಗಳು ಒಳ್ಳೆಯದು? ಎಂಥ ಹಡಗು ಹಿಡಿಯಬೇಕು? ಹೋಗಿ ಬಂದವರು ಹೇಳಿ.

ತೀರ್ಥಹಳ್ಳಿಯಿಂದ: ಅಕ್ಕಾ, ಹಡಗು ಆಮೇಲೆ. ಮೊದಲು ಅದು ಹೋಗುವ ದಾರಿ ನೋಡಿ. ಅಲ್ಲಿ ಒಂದೊಂದು ದ್ವೀಪಕ್ಕೂ ಅದರದ್ದೇ ಪ್ರಾಣಿಗಳು. ಯಾವ ಹಡಗು ಎಲ್ಲಿಗೆ ಹೋಗಬೇಕು ಅನ್ನುವುದನ್ನು ನ್ಯಾಷನಲ್ ಪಾರ್ಕಿನವರು ಮೊದಲೇ ಗೊತ್ತುಮಾಡಿರುತ್ತಾರೆ. ನಾವು ಕೇಳಿಕೊಂಡೆವು ಅಂತ ಕ್ಯಾಪ್ಟನ್ ತಿರುಗಿಸುವುದಿಲ್ಲ. ಒಂದೇ ವಾರದಲ್ಲಿ ಎಲ್ಲ ತೋರಿಸುತ್ತೇವೆ ಅನ್ನುವ ಏಜೆಂಟರನ್ನು ನಂಬಬೇಡಿ.

ನನ್ನನ್ನು ಕೇಳಿದರೆ ಪಶ್ಚಿಮದ ದಾರಿ: ಇಸಾಬೆಲಾ, ಫರ್ನಾಂಡಿನಾ. ಫರ್ನಾಂಡಿನಾದ ಜ್ವಾಲಾಮುಖಿ 2024ರಲ್ಲೂ ಲಾವಾ ಉಗುಳಿದೆ. ಆ ಕಪ್ಪು ಕಲ್ಲಿನ ಮೇಲೆ ಕಡಲ ಇಗ್ವಾನಾಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಕಡಲಿಗೆ ಇಳಿದು ಪಾಚಿ ಮೇಯುವ ಹಲ್ಲಿ ಜಾತಿ ಪ್ರಪಂಚದಲ್ಲಿ ಇದೊಂದೇ. ಮೇಯ್ದು ಬಂದು ಬಿಸಿಲು ಕಾಯಿಸುತ್ತ ಕೂತಾಗ ಫುಸ್ ಅಂತ ಸೀನುತ್ತವೆ. ಮೈಗೆ ಜಾಸ್ತಿಯಾದ ಉಪ್ಪು ಮೂಗಿನಿಂದ ಚಿಮ್ಮುತ್ತದೆ. ಅದು ತಲೆ ಮೇಲೇ ಬಿದ್ದು ಒಣಗಿ, ಕೆಲವಕ್ಕೆ ನೆತ್ತಿ ಪೂರ್ತಿ ಬೆಳ್ಳಗಾಗಿರುತ್ತದೆ.

ಹಾರಲು ಬಾರದ ನೀರುಕಾಗೆ ಇರುವುದೂ ಈ ಎರಡು ದ್ವೀಪಗಳಲ್ಲಿ ಮಾತ್ರ. ಮಂಡಗದ್ದೆಯಲ್ಲಿ ನೋಡುತ್ತೀರಲ್ಲ, ಅದರದ್ದೇ ಬಳಗ. ರೆಕ್ಕೆ ಮಾತ್ರ ಮೋಟು. ಮುಳುಗಿ ಮೀನು ಹಿಡಿದು ಬಂದ ಮೇಲೆ ಆ ಮೋಟು ರೆಕ್ಕೆಯನ್ನೇ ಬಿಡಿಸಿ ಒಣಗಿಸುತ್ತಾ ನಿಲ್ಲುತ್ತದೆ! ಪೆಂಗ್ವಿನ್ ಕೂಡ ಜಾಸ್ತಿ ಈ ಕಡೆಯೇ.

ಶಿವಮೊಗ್ಗದಿಂದ: ಹಕ್ಕಿ ಹುಚ್ಚಿನವರಿಗೆ ಪಶ್ಚಿಮ ಯಾಕೆ ಮಾರಾಯ್ರೆ? ಎಸ್ಪಾನೊಲಾ ಸೇರಿದ ದಾರಿ ಹಿಡಿಯಿರಿ. ಅಲ್ಲಿ ಆಲ್ಬಟ್ರಾಸ್ ಇರುವುದು ಸುಮಾರು ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ರೆಕ್ಕೆ ಬಿಚ್ಚಿದರೆ 2 ಮೀಟರಿಗೂ ಹೆಚ್ಚು. ಇಷ್ಟು ದೊಡ್ಡ ಹಕ್ಕಿ ನೆಲದಿಂದ ಏಳಲು ಒದ್ದಾಡುತ್ತದೆ. ತೂರಾಡುತ್ತ ಕಡಿದಾದ ಬಂಡೆಯಂಚಿಗೆ ಹೋಗಿ ಗಾಳಿಗೆ ಮೈ ಬಿಡುತ್ತದೆ, ಅಷ್ಟೇ, ಆಮೇಲೆ ರೆಕ್ಕೆ ಬಡಿಯುವುದೇ ಅಪರೂಪ. ನೀಲಿ ಪಾದದ ಬೂಬಿಯೂ ಅಲ್ಲಿದೆ. ಗಂಡು ಒಂದು ಪಾದ ಎತ್ತಿ ತೋರಿಸಿ, ಇಳಿಸಿ, ಇನ್ನೊಂದು ಎತ್ತುತ್ತದೆ. ಕಡ್ಡಿ ತಂದು ಹೆಣ್ಣಿನ ಮುಂದಿಡುತ್ತದೆ. ಆ ಕಡ್ಡಿಯಿಂದ ಗೂಡೇನೂ ಕಟ್ಟುವುದಿಲ್ಲ, ಬರೀ ಶೋಕಿ. ನಾವು ನೋಡಿದ ಹೆಣ್ಣು ಆ ಕಡೆ ಮುಖ ಮಾಡಿ ಕೂತಿತ್ತು.

ತಿಂಗಳು ಅಂದರೆ ಮೇ. ಆಲ್ಬಟ್ರಾಸೂ ಬಂದಿರುತ್ತದೆ, ಕಡಲೂ ಇನ್ನೂ ಕೆರಳಿರುವುದಿಲ್ಲ. ಜೂನ್ ಕಳೆದರೆ ತಂಪು, ತುಂತುರು, ಅಲೆ ಜಾಸ್ತಿ. ಸಿಗಂದೂರು ಲಾಂಚಿನಲ್ಲಿ ಓಡಾಡಿದ ಧೈರ್ಯ ಅಲ್ಲಿ ನಡೆಯಲ್ಲ, ವಾಂತಿ ಮಾತ್ರೆ ಇಟ್ಟುಕೊಳ್ಳಿ.

ಮತ್ತೆ ಸಾಗರದಿಂದ: ದೈತ್ಯ ಆಮೆಯ ಸುದ್ದಿ ಯಾರೂ ಎತ್ತಲಿಲ್ಲ? ಇವರ ಎಲೆ ಅಡಿಕೆ ಸಂಚಿ ಬಿಡುತ್ತಾರಾ?

ಕೊಪ್ಪದಿಂದ: ಆಮೆಗೆ ಸಾಂತಾ ಕ್ರೂಸ್ ದ್ವೀಪದ ಗುಡ್ಡ ಹತ್ತಬೇಕು, ಬಹಳಷ್ಟು ಪ್ರವಾಸಗಳಲ್ಲಿ ಅದು ಸೇರಿರುತ್ತದೆ. ಸಂಚಿ ಮನೆಯಲ್ಲೇ ಇರಲಿ. ಗಿಡ, ಎಲೆ, ಬೀಜ, ಮಣ್ಣು ಒಳಗೆ ಹೋಗಬಾರದು ಅಂತ ವಿಮಾನ ಹತ್ತುವ ಮೊದಲೇ ಬ್ಯಾಗ್ ತಪಾಸಣೆ ಆಗುತ್ತದೆ. ತೋಟಕ್ಕೆ ಹಾಕುವ ಶೂ ಒಯ್ಯುವುದಾದರೆ ಅಡಿಯ ಮಣ್ಣು ಉಜ್ಜಿ ತೊಳೆಯಿರಿ. ಅತಿಯಾಯ್ತು ಅನ್ನಿಸಬಹುದು. ಆದರೆ ನಮ್ಮ ಸೀಮೆಯ ಮುಳ್ಳುಗಿಡ ಮೈಸೂರು ರಾಸ್‌ಬೆರಿ ಅಲ್ಲಿ ಹಬ್ಬಿ, ಇಲ್ಲಿ ಕಳೆಗಿಡ ಲಂಟಾನ ಮಾಡಿದ ಹಾಗೆ ಅಲ್ಲಿನ ಗಿಡಗಳನ್ನು ಮುಚ್ಚಿಹಾಕುತ್ತಿದೆ.

ಪಾರ್ಕಿನ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರಿಗೆ 200 ಡಾಲರ್, ನಗದು ಇಟ್ಟುಕೊಳ್ಳಿ. ಕೆಲವು ಕಡೆ ರಬ್ಬರ್ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಮಂಡಿ ನೋವಿದ್ದರೆ ಬುಕ್ ಮಾಡುವಾಗಲೇ ಹೇಳಿ. ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಪೇಟೆಯ ಬೆಂಚಿನ ಮೇಲೆ ಕಡಲಸಿಂಹ ಮಲಗಿದ್ದರೆ ಎಬ್ಬಿಸುವ ಹಾಗಿಲ್ಲ, ನೀವೇ ನಿಂತುಕೊಳ್ಳಬೇಕು.